ಎಡಗಡೆಯ ಹಿಂದಿನ ಚಕ್ರ

ಸೋಮವಾರ ಬೆಳಗ್ಗೆ ಒಲೀಟಾ ಕಾಫಿ ಇಳಿಸುವ ಹೊತ್ತಿಗೆ ಅವಳ ಮನೆಯ ಎಡಗಡೆಯ ಹಿಂದಿನ ಚಕ್ರದ ಮುಂದೆ ಒಂಬತ್ತು ಮಡಚು ಕುರ್ಚಿಗಳು ಸಾಲಾಗಿ ಬಂದು ಕೂತಿದ್ದವು. ಒಂಬತ್ತರಲ್ಲೂ ಒಬ್ಬೊಬ್ಬ ಗಂಡಸು. ಎಲ್ಲರೂ ನಿವೃತ್ತರು, ಎಲ್ಲರೂ ಪಂಡಿತರು, ಎಲ್ಲರ ಕೈಯಲ್ಲೂ ಒಲೀಟಾಳ ಕಾಫಿಗೆಂದು ತಂದ ಖಾಲಿ ಲೋಟ.

ಅವಳ ಮನೆ ಎಂದರೆ ಬಸ್ಸು. ಒಂದು ಕಾಲಕ್ಕೆ ಶಾಲೆಯ ಮಕ್ಕಳನ್ನು ಹೊತ್ತು ತಿರುಗಿದ ಹಳದಿ ಬಸ್ಸು. ಗಂಡ ವರ್ಲಿನ್ ಅದರ ಸೀಟುಗಳನ್ನು ಕಿತ್ತು, ಮಂಚ ಹಾಕಿ, ಒಲೆ ಕೂರಿಸಿ, ಹಸಿರು ಬಣ್ಣ ಬಳಿದು ಏಳು ವರ್ಷವಾಗಿತ್ತು. ಅರಿಜೋನಾದ ಈ ಬಯಲಿಗೆ ಚಳಿಗಾಲ ಕಳೆಯಲು ಬರುವ ಅರವತ್ತು ಮನೆಗಳೂ ಇಂಥವೇ. ಇವರಲ್ಲಿ ಯಾರೂ ತಮ್ಮ ಗಾಡಿಯನ್ನು ಮೆಕ್ಯಾನಿಕ್‌ಗೆ ತೋರಿಸುವುದಿಲ್ಲ. ತೋರಿಸಿದವನನ್ನು ಮರುದಿನದಿಂದ ಸಂಜೆಯ ಬೆಂಕಿಯ ಸುತ್ತ ಕೂರಲು ಕರೆಯುವುದೂ ಇಲ್ಲ. ಒಬ್ಬನ ಗಾಡಿ ಸದ್ದು ಮಾಡಿದರೆ ಉಳಿದವರು ಕುರ್ಚಿ ತಂದು ಕೇಳಬೇಕು, ಕೇಳಿ ರೋಗ ಹೇಳಬೇಕು. ರೋಗ ಹೇಳಿದವನು ತನ್ನ ಗಾಡಿಯಿಂದ ಮದ್ದನ್ನೂ ತಂದುಕೊಡಬೇಕು; ಕೊಟ್ಟ ಬಿಡಿಭಾಗವನ್ನು ಬೇಡ ಅನ್ನುವಂತಿಲ್ಲ. ಬೇಡ ಅಂದರೆ ಅವನ ಪಾಂಡಿತ್ಯಕ್ಕೆ ಉಗಿದ ಹಾಗೆ.

ವರ್ಲಿನ್‌ನ ಬಸ್ಸಿಗೆ ಹದಿನೈದು ದಿನದಿಂದ ಎರಡು ಸದ್ದು. ಬ್ರೇಕ್ ಒತ್ತಿದರೆ ಕಿರ್ರ್ ಎಂದು ಹಲ್ಲು ಜುಮ್ಮೆನ್ನಿಸುವ ಒಂದು ಸದ್ದು. ತಿರುವಿನಲ್ಲಿ ಗರಗರ ಎಂದು ಉಜ್ಜುವ ಇನ್ನೊಂದು. ಇಷ್ಟಾದರೂ ಒಲೀಟಾ ತಾಳಿಕೊಳ್ಳುತ್ತಿದ್ದಳೇನೋ. ಆದರೆ ಗುರುವಾರ ಬೆಳಗ್ಗೆ ಏಳಕ್ಕೆ ಪ್ರೆಸ್ಕಟ್‌ನಲ್ಲಿ ಅವಳ ಅಕ್ಕ ಇಮೋಜಿನ್‌ಗೆ ಕಣ್ಣಿನ ಶಸ್ತ್ರಚಿಕಿತ್ಸೆ. ಕರೆದುಕೊಂಡು ಹೋಗಲು, ಕರೆದುಕೊಂಡು ಬರಲು ಜೊತೆಗೆ ಯಾರೂ ಇಲ್ಲದಿದ್ದರೆ ಆಸ್ಪತ್ರೆಯವರು ಕಣ್ಣು ಮುಟ್ಟುವುದಿಲ್ಲ. ಆ ತಾರೀಕಿಗೆ ಇಮೋಜಿನ್ ಐದು ತಿಂಗಳು ಕಾದಿದ್ದಳು, ಅಷ್ಟರಲ್ಲಿ ಎಡಗಣ್ಣು ಮುಕ್ಕಾಲು ಹೋಗಿತ್ತು. ಅವಳಿಗೆ ಇರುವವಳು ತಂಗಿ ಒಬ್ಬಳೇ, ತಂಗಿಗೆ ಇರುವ ಗಾಡಿ ಈ ಬಸ್ಸೊಂದೇ. ಮಧ್ಯೆ ಒಂದು ದೊಡ್ಡ ಘಾಟಿ.

ವರ್ಲಿನ್ ಬಯಲಿನಲ್ಲಿ ಬಸ್ಸನ್ನು ನಿಧಾನಕ್ಕೆ ಸುತ್ತು ಹೊಡೆಸಿದ. ಒಂಬತ್ತು ಜನ ತಲೆ ತಗ್ಗಿಸಿ ಚಕ್ರದ ಪಕ್ಕದಲ್ಲೇ ನಡೆದರು. ವಿಮಾನದ ಕಾರ್ಖಾನೆಯಲ್ಲಿ ದುಡಿದ ನಾರ್ಬರ್ಟ್ ಎಲ್ಲರಿಗಿಂತ ಮುಂದೆ. ಅವನು ಅಲ್ಲಿ ಮಾಡುತ್ತಿದ್ದದ್ದು ಸೀಟಿನ ಬಟ್ಟೆ ಹೊಲಿಸುವ ಕೆಲಸ, ಆದರೆ ವಿಮಾನ ವಿಮಾನವೇ.

"ಬೇರಿಂಗ್ ಕಣಯ್ಯಾ," ಅಂದ ನಾರ್ಬರ್ಟ್. "ನೂರಕ್ಕೆ ನೂರು ಬೇರಿಂಗ್. ಈ ಸದ್ದನ್ನ ನಾನು ನಿದ್ದೇಲೂ ಗುರುತು ಹಿಡೀತೀನಿ."

"ಬೇರಿಂಗ್ ಹೀಗೆ ಅಳಲ್ಲ," ಅಂದ ಹಾಲ್ಸೇ. ಇವನು ಮೂವತ್ತು ವರ್ಷ ಹಲ್ಲಿನ ಡಾಕ್ಟರು. ಒಂದು ಸಣ್ಣ ಸುತ್ತಿಗೆಯಿಂದ ಬ್ರೇಕ್ ಡ್ರಮ್ಮನ್ನು ಟಕಟಕ ಬಡಿದು ಕಿವಿಯಿಟ್ಟ. "ನೋವು ಇಲ್ಲೇ ಇದೆ. ಡ್ರಮ್ ಸೀಳಿದೆ. ಹೊಸದು ಹಾಕು, ನನ್ನ ಹತ್ರ ಒಂದಿದೆ."

ಆಳಿಗೊಂದು ಮಾತು ಬಂತು. ಬಾಗಿಲ ಮೆಟ್ಟಿಲ ಮೇಲೆ ಕಾಫಿಯ ಪಾತ್ರೆ ಹಿಡಿದು ನಿಂತಿದ್ದ ಒಲೀಟಾ ಸ್ವಲ್ಪ ಹೊತ್ತು ಕೇಳಿ, "ಬಸ್ಸು ಬಲಕ್ಕೆ ತಿರುಗಿದಾಗ ಮಾತ್ರ ಗರಗರ ಅನ್ನುತ್ತೆ. ಎಡಕ್ಕೆ ತಿರುಗಿದರೆ ಇಲ್ಲ. ಅದನ್ನ ಯಾರಾದ್ರೂ ಗಮನಿಸಿದ್ರಾ?" ಎಂದಳು.

"ಕಾಫಿ ಬಹಳ ಚೆನ್ನಾಗಿದೆ ಒಲೀಟಾ," ಅಂದ ನಾರ್ಬರ್ಟ್, ಲೋಟ ಮುಂದೆ ಹಿಡಿದು.

ಅಯೋವಾದ ಹಿಮದಲ್ಲಿ ಇಪ್ಪತ್ತಾರು ವರ್ಷ ಶಾಲೆಯ ಬಸ್ಸು ಓಡಿಸಿದವಳು ಒಲೀಟಾ. ಬೆಳಗ್ಗೆ ಐದಕ್ಕೆ ಎದ್ದು, ಟಾರ್ಚು ಹಿಡಿದು, ಒಂದೊಂದು ಚಕ್ರವನ್ನೂ ಮುಟ್ಟಿ ನೋಡಿಯೇ ಮಕ್ಕಳನ್ನು ಹತ್ತಿಸಿಕೊಂಡವಳು. ಇದು ಬಯಲಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಯಾರಿಗೂ ನೆನಪಿರಲಿಲ್ಲ. ಇಲ್ಲಿ ಮನೆ ಓಡಿಸುವುದು ಗಂಡಸಿನ ಕೆಲಸ, ಮನೆಯೊಳಗೆ ತಟ್ಟೆ ಉರುಳದಂತೆ ಹಿಡಿದುಕೊಳ್ಳುವುದು ಹೆಂಗಸಿನ ಕೆಲಸ. ಏಳು ವರ್ಷ ಅವಳೂ ತಟ್ಟೆ ಹಿಡಿದಿದ್ದಳು. ಅದಕ್ಕೆ ಅವಳಿಗೆ ತನ್ನ ಮೇಲೇ ಸಿಟ್ಟಿತ್ತು.

ಪದ್ಧತಿಯ ಪ್ರಕಾರ ಪಂಡಿತರು ಎದ್ದು ಹೋಗಿ ಮದ್ದು ತಂದರು. ಬೇರಿಂಗು, ಡ್ರಮ್ಮು, ಎರಡು ಕಮಾನು ಪಟ್ಟಿ, ಯಾವುದೋ ಲಾರಿಯ ಅರ್ಧ ಆಕ್ಸಲ್. ವರ್ಲಿನ್ ಒಂದೊಂದನ್ನೂ ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡು ಒಳಗೆ ಮಂಚದ ಕೆಳಗೆ ಸೇರಿಸಿದ. ಮಂಚ ಇದ್ದದ್ದು ಬಸ್ಸಿನ ಹಿಂದೆ, ಎಡಗಡೆಗೆ. ಅದರ ಕೆಳಗೆ ಏಳು ವರ್ಷದ ಮದ್ದೆಲ್ಲ ಇತ್ತು.

ಮಂಗಳವಾರ ಮಧ್ಯಾಹ್ನದವರೆಗೆ ಬೇರಿಂಗ್ ಬದಲಾಯಿಸಿದರು. ಸುತ್ತು ಹೊಡೆಸಿದರು. ಗರಗರ ಮೊದಲಿಗಿಂತ ಚೆನ್ನಾಗಿ ಕೇಳಿಸಿತು.

"ಹಂಗಾದ್ರೆ ಆಕ್ಸಲ್ಲೇ," ಅಂದ ನಾರ್ಬರ್ಟ್, ಮೊದಲಿನಿಂದಲೂ ಅದನ್ನೇ ಹೇಳುತ್ತಿದ್ದವನ ಹಾಗೆ. "ಪೂರ್ತಿ ಬಿಚ್ಚೋಣ. ಶನಿವಾರದ ಹೊತ್ತಿಗೆ ಮುಗಿಯುತ್ತೆ."

"ಗುರುವಾರ ಇಮೋಜಿನ್ ಕಣ್ಣು," ಅಂದಳು ಒಲೀಟಾ.

ವರ್ಲಿನ್ ಕೈಯ ಗ್ರೀಸು ಒರೆಸಿಕೊಳ್ಳುತ್ತಾ ಅವಳ ಮುಖ ನೋಡದೆ ಹೇಳಿದ: "ಸದ್ದು ಮಾಡೋ ಬ್ರೇಕ್ ನಂಬಿ ಘಾಟಿ ಇಳಿಯೋಕಾಗುತ್ತಾ? ಇನ್ನೊಂದು ತಾರೀಕು ಕೇಳು ಅನ್ನು ಅವಳಿಗೆ."

"ಇನ್ನೊಂದು ತಾರೀಕು ಅಂದ್ರೆ ಜೂನು. ಜೂನಿಗೆ ಆ ಕಣ್ಣಲ್ಲಿ ನೋಡೋಕೆ ಏನು ಉಳಿದಿರುತ್ತೆ?"

"ನೋಡು ತಾಯಿ," ಎಂದು ನಾರ್ಬರ್ಟ್ ಮಧ್ಯೆ ಬಾಯಿ ಹಾಕಿದ. "ಇದೆಲ್ಲ ಸ್ವಲ್ಪ ಸೂಕ್ಷ್ಮ. ಅವಸರ ಮಾಡಿದ್ರೆ ಆಗಲ್ಲ."

ಒಲೀಟಾ ಒಳಗೆ ಹೋದಳು. ಅಳಲು ಹೋಗಿರಬೇಕು ಎಂದುಕೊಂಡ ಪಂಡಿತರು ಗೌರವದಿಂದ ತಲೆ ತಗ್ಗಿಸಿದರು. ಅವಳು ಹೊರಬಂದದ್ದು ಒಂದು ಬೋಗುಣಿ ಗೋಧಿ ಹಿಟ್ಟು ಕಲಸಿಕೊಂಡು, ಗೋಡೆಗೆ ಬಣ್ಣ ಬಳಿಯುವ ಬ್ರಷ್ ಹಿಡಿದುಕೊಂಡು. ಯಾರನ್ನೂ ಕೇಳದೆ ಚಕ್ರದ ಪಕ್ಕ ಅಂಗಾತ ಮಲಗಿ, ಚಕ್ರದ ಮೇಲಿನ ತಗಡಿನ ಗೂಡಿಗೆ ಒಳಗಿನಿಂದ ದೋಸೆ ಹಿಟ್ಟಿನ ಹದದ ಆ ಹಿಟ್ಟನ್ನು ಬಳಿದಳು. ಮರುಭೂಮಿಯ ಗಾಳಿಗೆ ಅದು ಹತ್ತು ನಿಮಿಷದಲ್ಲಿ ಒಣಗಿತು. ಹಾಲ್ಸೇ ವರ್ಲಿನ್‌ನ ಕಿವಿಯಲ್ಲಿ, "ಬಿಸಿಲು ಜಾಸ್ತಿ ಆಯ್ತೇನೋ ಪಾಪ," ಅಂದ.

ಅವಳು ಎದ್ದು ಗಂಡನ ಮುಂದೆ ಕೈ ಚಾಚಿದಳು. "ಕೀಲಿ ಕೊಡು."

ಕೊಟ್ಟ. ಒಲೀಟಾ ಡ್ರೈವರ್ ಸೀಟಿನಲ್ಲಿ ಕೂತು, ಕನ್ನಡಿಗಳನ್ನು ತನ್ನ ಕಣ್ಣಿನ ಮಟ್ಟಕ್ಕೆ ತಿರುಗಿಸಿಕೊಂಡು, ಬಸ್ಸನ್ನು ಬಲಕ್ಕೆ ನಾಲ್ಕು ಸುತ್ತು ಹೊಡೆಸಿ, ಹೊರಟ ಜಾಗಕ್ಕೇ ತಂದು ನಿಲ್ಲಿಸಿದಳು. ಇಳಿದು ಬಂದು ಟಾರ್ಚು ಬಿಟ್ಟಳು. ಗೂಡಿನ ಹಿಟ್ಟಿನಲ್ಲಿ ಅಂಗೈಯಗಲದ ಒಂದು ಪಟ್ಟಿ ಪೂರ್ತಿ ಅಳಿಸಿಹೋಗಿತ್ತು. ಟೈರಿನ ನೆತ್ತಿ ಬೆಳ್ಳಗಾಗಿತ್ತು.

"ಬಲಕ್ಕೆ ತಿರುಗಿದ್ರೆ ಬಸ್ಸು ಎಡಕ್ಕೆ ವಾಲುತ್ತೆ. ವಾಲಿದಾಗ ಮೈ ಬಂದು ಟೈರಿಗೆ ಉಜ್ಜುತ್ತೆ. ಅದೇ ಗರಗರ," ಅಂದಳು. ಆಮೇಲೆ ಡ್ರಮ್ಮಿನ ಹತ್ತಿರ ಕೈ ಹಿಡಿದಳು. "ನಾಲ್ಕೇ ಸುತ್ತು ಹೊಡೆದ್ರೆ ಇಷ್ಟು ಬಿಸಿಯಾಗಬೇಕಾ ಇದು? ಇದರ ಮೇಲೆ ಹೊರಲಾರದಷ್ಟು ಹೊರೆ ಇದೆ. ಅದಕ್ಕೇ ಬ್ರೇಕ್ ಪಟ್ಟಿ ಸುಟ್ಟು ಗಾಜಿನ ಹಾಗೆ ನುಣುಪಾಗಿ ಕಿರುಚ್ತಾ ಇದೆ. ಎಪ್ಪತ್ತು ಮಕ್ಕಳು ಹತ್ತಿದ್ರೂ ಈ ಬಸ್ಸು ಹೀಗೆ ಒಂದು ಪಕ್ಕಕ್ಕೆ ಕುಕ್ಕರಿಸಲ್ಲ ವರ್ಲಿನ್. ಮಂಚದ ಕೆಳಗಿರೋದನ್ನ ತೆಗಿ."

"ಹಿಟ್ಟು ತಾನಾಗೇ ಉದುರಿರಬಹುದು," ಅಂದ ನಾರ್ಬರ್ಟ್. ಯಾರೂ ಅವನ ಕಡೆ ನೋಡಲಿಲ್ಲ.

ವರ್ಲಿನ್ ಹೆಂಡತಿಯನ್ನು ಒಳಗೆ ಕರೆದು ಬಾಗಿಲು ಹಾಕಿದ. ಮೂವತ್ತೊಂದು ವರ್ಷ ಟ್ರ್ಯಾಕ್ಟರ್ ಬಿಡಿಭಾಗಗಳ ಗೋದಾಮು ನೋಡಿಕೊಂಡವನು ಅವನು. ಕೇಳಿದ್ದನ್ನು ಇಲ್ಲ ಎನ್ನದೆ ಕೊಡುವುದೇ ಅವನ ಹೆಮ್ಮೆಯಾಗಿತ್ತು. ಬಸ್ಸು ಕಟ್ಟಿದ ಮೊದಲ ವರ್ಷ ನೆವಾಡಾದ ಒಂದು ಬರಡು ರಸ್ತೆಯಲ್ಲಿ ಒಂದು ಪುಟ್ಟ ಬೇರಿಂಗ್ ಇಲ್ಲದೆ ಹನ್ನೊಂದು ದಿನ ನಿಂತಿದ್ದರು. ಅಂದಿನಿಂದ ಅವನು ಮಂಚದ ಕೆಳಗೆ ತುಂಬುತ್ತಲೇ ಬಂದಿದ್ದ. ಗಾಡಿ ಕೆಡದಿರಲಿ ಎಂದು ಕೂಡಿಟ್ಟದ್ದೇ ಗಾಡಿಯನ್ನು ಕೆಡಿಸಿತು ಎನ್ನುವುದು ಅವನಿಗೆ ಅರ್ಥವಾಗದೆ ಇರಲಿಲ್ಲ. ಅರ್ಥವಾದದ್ದರಿಂದಲೇ ಅವನ ಮುಖ ಅಷ್ಟು ಸಣ್ಣದಾಗಿತ್ತು.

"ಇದೆಲ್ಲ ಇಳಿಸಿ ಹೋದಮೇಲೆ ದಾರೀಲಿ ನಿಂತುಬಿಟ್ರೆ?" ಅಂದ.

"ನಿಲ್ಲೋಣ."

"ನನ್ನ ಹತ್ರ ಏನೂ ಇರಲ್ಲ ಒಲೀಟಾ."

"ಅವತ್ತೂ ಇರಲಿಲ್ಲ. ಹನ್ನೊಂದು ದಿನ ಇಸ್ಪೀಟಾಡಿದ್ವಿ. ನೀನು ಸೋತಿದ್ದೇ ಸೋತಿದ್ದು." ಅವಳ ದನಿ ಸ್ವಲ್ಪ ಇಳಿಯಿತು. "ನಂಗೆ ನಿನ್ನ ಮೇಲೆ ಸಿಟ್ಟಿಲ್ಲ ಅಂತ ಹೇಳಲ್ಲ. ಬಹಳ ಇದೆ. ಆದ್ರೆ ಅದಕ್ಕೆ ಈಗ ಪುರುಸೊತ್ತಿಲ್ಲ. ನಾನಂತೂ ನಾಳೆ ಹೊರಡೋದೇ, ಈ ಬಸ್ಸಲ್ಲಾದ್ರೂ ಸರಿ, ರಸ್ತೇಲಿ ಕೈ ಅಡ್ಡ ಹಾಕಿಯಾದ್ರೂ ಸರಿ. ನೀನು ಇವುಗಳ ಜೊತೆ ಇರ್ತೀಯೋ ನನ್ನ ಜೊತೆ ಬರ್ತೀಯೋ ನೋಡು."

ಅವನು ಬಗ್ಗಿ ಮಂಚದ ಹಲಗೆ ಎತ್ತಿದ.

ಹೊರಗೆ ತಂದದ್ದನ್ನೆಲ್ಲ ಒಲೀಟಾ ಒಂದು ಗೋಣಿಯ ಮೇಲೆ ಹರವಿ, ರಟ್ಟಿನ ಮೇಲೆ "ಪುಕ್ಕಟೆ" ಎಂದು ಬರೆದು ನಿಲ್ಲಿಸಿದಳು. ಎರಡು ಗಿಯರ್‌ಬಾಕ್ಸು, ನಾಲ್ಕು ಡ್ರಮ್ಮು, ಮೂರು ಸ್ಟಾರ್ಟರು, ನೀರಿನ ಪಂಪುಗಳು, ಯಾವ ಗಾಡಿಯದೆಂದು ಅದನ್ನು ಮಾಡಿದವನಿಗೂ ಗೊತ್ತಿರದ ಹತ್ತಾರು ಕಬ್ಬಿಣದ ತುಂಡುಗಳು. ಪಂಡಿತರು ಒಂದು ನಿಮಿಷ ಬಿಗುಮಾನದಿಂದ ನಿಂತರು. ಪುಕ್ಕಟೆ ಸಿಕ್ಕಿದರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅನ್ನುವುದು ಯಾವ ದೇಶದಲ್ಲಿ ಸುಳ್ಳು? ಮೊದಲು ಹಾಲ್ಸೇ ತಾನು ಕೊಟ್ಟ ಡ್ರಮ್ಮಿನ ಜೊತೆ ಇನ್ನೆರಡು ಎತ್ತಿಕೊಂಡ. ನಾರ್ಬರ್ಟ್ ಗಿಯರ್‌ಬಾಕ್ಸ್ ಸಾಗಿಸಲು ಕೈಗಾಡಿಯನ್ನೇ ತಂದ. "ಯಾವತ್ತಾದ್ರೂ ಬೇಕಾಗುತ್ತೆ," ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾ ಅರ್ಧ ಗಂಟೆಯಲ್ಲಿ ಗೋಣಿಯನ್ನು ಬರಿದು ಮಾಡಿದರು. ರಟ್ಟನ್ನೂ ಒಬ್ಬ ಒಯ್ದ.

ಅದರಲ್ಲಿ ಒಲೀಟಾ ಉಳಿಸಿಕೊಂಡದ್ದು ಒಂದು ಜೊತೆ ಹೊಸ ಬ್ರೇಕ್ ಪಟ್ಟಿ. ಸಂಜೆಯೊಳಗೆ ವರ್ಲಿನ್ ಅದನ್ನು ಹಾಕಿದ. ಆ ಕೆಲಸದಲ್ಲಿ ಅವನ ಕೈ ಬಹಳ ಚೊಕ್ಕ. ಅವಳು ಟಾರ್ಚು ಹಿಡಿದು ಪಕ್ಕದಲ್ಲೇ ಕೂತಿದ್ದಳು. ಕುಕ್ಕರಿಸಿದ್ದ ಬಸ್ಸು ಎದ್ದು ನಿಂತಿತ್ತು. ಟೈರಿಗೂ ಗೂಡಿಗೂ ನಡುವೆ ಈಗ ನಾಲ್ಕು ಬೆರಳು ಜಾಗ.

ಬುಧವಾರ ಹೊರಟಾಗ ಕೀಲಿ ಅವಳ ಹತ್ತಿರವೇ ಇತ್ತು. ಕೇಳುವ ಧೈರ್ಯ ವರ್ಲಿನ್‌ಗೆ ಇರಲಿಲ್ಲ, ಕೊಡುವ ಯೋಚನೆ ಅವಳಿಗೆ ಇರಲಿಲ್ಲ. ಘಾಟಿ ಹತ್ತಿದರು. ಆಚೆಯ ಇಳಿಜಾರಿನಲ್ಲಿ ಒಂದರ ಹಿಂದೊಂದು ತಿರುವು. ಅವಳು ಮೊದಲೇ ಗಿಯರ್ ಇಳಿಸಿ, ಬ್ರೇಕನ್ನು ಒತ್ತಿ ಒತ್ತಿ ಬಿಡುತ್ತಾ ಬಸ್ಸನ್ನು ಇಳಿಸಿದಳು. ಕಿರ್ರ್ ಇಲ್ಲ, ಗರಗರ ಇಲ್ಲ. ವರ್ಲಿನ್ ಕಿಟಕಿಯಿಂದ ತಲೆ ಹಾಕಿ ಸದ್ದು ಹುಡುಕಿದ, ಸಿಗಲಿಲ್ಲ. ಸದ್ದಿಲ್ಲದ ಬಸ್ಸಿನಲ್ಲಿ ಏನು ಮಾಡಬೇಕೆಂದು ತಿಳಿಯದೆ ಕೈಕಟ್ಟಿ ಕೂತ. ಕೆಳಗೆ ಊರು ಕಾಣಿಸಿದಾಗ ಬಯಲಿನಿಂದ ಫೋನು ಬಂತು. ನಾರ್ಬರ್ಟ್‌ನ ಬಸ್ಸಿಗೆ ಹಿಂದಿನ ಚಕ್ರದಲ್ಲಿ ಏನೋ ಗರಗರ ಶುರುವಾಗಿದೆಯಂತೆ, ಕುರ್ಚಿಗಳೆಲ್ಲ ಅಲ್ಲಿಗೆ ಹೋಗಿವೆಯಂತೆ, ಬೇರಿಂಗೇ ಎಂದು ಎಲ್ಲರೂ ಒಪ್ಪಿದ್ದಾರಂತೆ.

ಗುರುವಾರ ಏಳಕ್ಕೆ ಕಾಲು ಗಂಟೆ ಇರುವಾಗ ಮೂವರೂ ಆಸ್ಪತ್ರೆಯ ಮೇಜಿನ ಮುಂದೆ ನಿಂತಿದ್ದರು. ಇಮೋಜಿನ್ ತಂಗಿಯ ತೋಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಅಲ್ಲಿದ್ದ ಹೆಂಗಸು ಒಂದು ಕಾಗದವನ್ನು ಮೇಜಿನ ಮೇಲೆ ಸರಿಸಿ, ಪೆನ್ನನ್ನು ನೇರವಾಗಿ ವರ್ಲಿನ್‌ನ ಕೈಗಿಟ್ಟಳು.

"ಸಂಜೆ ಇವರನ್ನ ಮನೆಗೆ ಕರ್ಕೊಂಡು ಹೋಗೋ ಡ್ರೈವರ್ ಇಲ್ಲಿ ಸಹಿ ಮಾಡಬೇಕು ಸರ್. ದಾರಿಯ ಜವಾಬ್ದಾರಿ ನಿಮ್ಮದು."

ವರ್ಲಿನ್ ಪೆನ್ನು ಹಿಡಿದು ಬಗ್ಗಿದವನು ಹಾಗೇ ನಿಂತ. ಆಮೇಲೆ ಕಾಗದವನ್ನೂ ಪೆನ್ನನ್ನೂ ಹೆಂಡತಿಯ ಮುಂದಕ್ಕೆ ತಳ್ಳಿದ.

"ಓಡಿಸೋಳು ಇವಳು ಮೇಡಂ," ಅಂದ. "ಎಲ್ಲಾ ಇಳಿಸಿದಮೇಲೂ ಇವಳು ಬಿಡದೆ ಇಟ್ಕೊಂಡಿರೋ ಹಳೇ ಸಾಮಾನು ನಾನು."

ಒಲೀಟಾ ನಗಲಿಲ್ಲ. ತನ್ನ ಪೂರ್ತಿ ಹೆಸರು ಬರೆದು, ಸಹಿ ಹಾಕಿ, ಅಕ್ಕನನ್ನು ನಡೆಸಿಕೊಂಡು ಒಳಗೆ ಹೋದಳು.