ತಲೆ ಇಲ್ಲದ ಸವಾರ

ನನ್ನ ಗಂಡ ಮಲಂಗಸಾಬ ಬಿಜಾಪುರದ ಟಾಂಗಾದವರ ಮನೆಯವರು. ಹುಟ್ಟಿದಾಗಿನಿಂದ ಕುದುರೆಯ ಹಿಂದೆ ಕೂತವರೇ ಹೊರತು ಮೇಲೆ ಕೂತು ಕಲಿತವರಲ್ಲ. ಇದನ್ನು ಅವರೆದುರು ಆಡಿದರೆ ಮಾತ್ರ ಆ ದಿನದ ಊಟ ಕೆಡುತ್ತಿತ್ತು.

ಊರಲ್ಲಿ ಟಾಂಗಾಕ್ಕೆ ಗಿರಾಕಿ ಇಲ್ಲದಂತಾದ ಮೇಲೆ ನಾವು ಗೋವಾಕ್ಕೆ ಬಂದು ಝುವಾರಿನಗರದಲ್ಲಿ ನಿಂತೆವು. ಅವರಿಗೆ ಗೋದಾಮಿನಲ್ಲಿ ಹಮಾಲಿ ಕೆಲಸ. ಮದುವೆಯ ಹಂಗಾಮಿನಲ್ಲಿ ನಮ್ಮ ಬಿಳಿ ಹೆಣ್ಣುಕುದುರೆ ಚಾಂದನಿಯ ಮೇಲೆ ಮದುಮಗನನ್ನು ಕೂರಿಸಿ ಮೆರವಣಿಗೆ ಮಾಡಿಸುತ್ತಿದ್ದರು; ಹೋಗಿಬರುವ ದಾರಿಯಲ್ಲಿ ತಾವೇ ಹತ್ತುತ್ತಿದ್ದರು. ಅವಳ ಬಾಯಿಗೆ ಹಾಕುತ್ತಿದ್ದದ್ದು ಮಾವನ ಕಾಲದ ಟಾಂಗಾ ಕಡಿವಾಣ. ಕಬ್ಬಿಣದ್ದು, ಮೈಯೆಲ್ಲ ಹಲ್ಲು ಹಲ್ಲು. ಮನೆಯಲ್ಲಿ ನನ್ನ ತಲೆಗೆ ಎಣ್ಣೆ ಇರದಿದ್ದರೂ ಅದಕ್ಕೆ ತಪ್ಪುತ್ತಿರಲಿಲ್ಲ.

ಆ ವರ್ಷ ಚಾಂದನಿ ತಲೆ ಝಾಡಿಸಲು ಶುರುಮಾಡಿದಳು. ವಾಸ್ಕೋದ ಒಂದು ಮದುವೆಯಲ್ಲಿ ಮದುಮಗ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು, ಪೇಟ ಮಾತ್ರ ಬಿತ್ತು. ಆಮೇಲೆ ಯಾರೂ ಕರೆಯಲಿಲ್ಲ. ಮಾರಿಬಿಡೋಣ ಎಂದು ನಾನೇ ಗಂಟುಬಿದ್ದೆ. ಮುನಿಸಿಕೊಂಡು ಉಪವಾಸ ಮಲಗಿ, ಕೊನೆಗೆ ಒಪ್ಪಿದರು.

"ಆದ್ರ ಕೈ ಒರಟ ಇದ್ದಾಂವಗ ಕೊಡಂಗಿಲ್ಲ. ನೆಟ್ಟಗ ಕೂಡಾಕ ಬರೋ ಮನಶ್ಯಾಗ ಅಷ್ಟ ಕೊಡಾಂವ," ಎಂದರು.

ನನ್ನ ತಂಗಿಯ ಮಗ ರಿಯಾಜ ಬಸ್ ಸ್ಟಾಪಿನ ಹತ್ತಿರ ಇಂಟರ್ನೆಟ್ ಅಂಗಡಿ ಇಟ್ಟಿದ್ದ. ಇಂಟರ್ನೆಟ್ಟಿನಲ್ಲಿ ಮಾರಾಟಕ್ಕೆ ಹಾಕಲೆಂದು ಅವನು ಬಂದು, ಇವರನ್ನೇ ಚಾಂದನಿಯ ಮೇಲೆ ಕೂರಿಸಿ ಫೋಟೋ ಹೊಡೆದುಕೊಂಡು ಹೋದ. ಮರುವಾರ ಅದನ್ನು ನೋಡಲೆಂದು ಇಬ್ಬರೂ ಅಂಗಡಿಗೆ ಹೋದೆವು. ಕುದುರೆ ನೋಡಲು ಚಾಳೀಸು ಕನ್ನಡಕ ಯಾಕೆ ಎಂದು ಇವರು ಅದನ್ನು ಮನೆಯಲ್ಲೇ ಬಿಟ್ಟಿದ್ದರು.

ಪರದೆಯ ಮೇಲೆ ಎಲ್ಲೆಲ್ಲಿಯದೋ ಮಾರಾಟದ ಕುದುರೆಗಳು, ಮೇಲೆ ಸವಾರರು. ನನ್ನ ಗಂಡನಿಗೆ ಹಬ್ಬವಾಯಿತು.

"ಇಂವನ್ನ ನೋಡು, ಜ್ವಾಳದ ಚೀಲ ಹೊರಿಸಿದಂಗ ಕುಂತಾನ. ಇಕಿ ಕಾಲ ನೋಡು ಎಲ್ಲಿ ಚಾಚ್ಯಾಳ, ಆರಾಮ ಖುರ್ಚಿ ಅಂತ ತಿಳದಾಳ. ಇವರು ಕುದುರಿ ಮಾರಾಕ ನಿಂತಾರೋ, ತಮ್ಮ ಮಾನ ಮಾರಾಕ ನಿಂತಾರೋ?"

ನಾನೂ ನಕ್ಕೆ. ಹಾಗೇ ಕೆಳಗಿಳಿಯುತ್ತ ಅಂಚೆಚೀಟಿಯಷ್ಟು ಚಿಕ್ಕ ಒಂದು ಫೋಟೋದ ಮೇಲೆ ಇವರು ಬೆರಳಿಟ್ಟರು. ಬಿಳಿ ಕುದುರೆ, ಮೇಲೆ ಒಬ್ಬ ಸವಾರ, ಅವನ ತಲೆ ಮಾತ್ರ ಫೋಟೋದಲ್ಲಿ ಇರಲಿಲ್ಲ.

"ಲೇ ರಿಯಾಜ, ಇದನ್ನ ನೋಡೋ! ಲಗಾಮಿಗೆ ಜೋತ ಬಿದ್ದಾನಲೋ. ಕುದುರಿ ಬಾಯಿ ಕಿಸದೈತಿ, ಕಿವಿ ಹಿಂದ ಹೋಗ್ಯಾವು. ಬಾಯಾಗ ಕೆಂಡ ಇಟ್ಟಂಗ ಆಗಿರತೈತಿ ಅದಕ್ಕ. ತಲಿ ಝಾಡಿಸದ ಏನ ಮಾಡೀತು ಪಾಪ? ಇಂಥಾವನ ಕೈಗೆ ಕುದುರಿ ಕೊಟ್ಟಾಂವ ಯಾಂವ?"

ಜೀನಿನ ಕೆಳಗೆ ಮಡಚಿ ಹಾಕಿದ್ದ ಚಾದರ ನನ್ನದು. ಕೆಂಪು ಹೂವಿನದು, ನಾನೇ ಕೊಟ್ಟದ್ದು. ನಾನು ರಿಯಾಜನ ಮುಖ ನೋಡಿದೆ.

ರಿಯಾಜ ತಲೆ ತುರಿಸಿಕೊಂಡ. "ಖಾಲೂ, ಮ್ಯಾಲ ತಗಡು, ಕರೆಂಟಿನ ವೈರು ಕಾಣಾಕತ್ತಿದ್ವು. ಅದಕ್ಕ ಕತ್ತರಿಸಿದೆ. ನಿಮ್ಮ ತಲಿನೂ ಹೋತು."

ಅವನು ಫೋಟೋ ದೊಡ್ಡದು ಮಾಡಿದ. ಇವರು ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದರು. ಜೀವಮಾನವಿಡೀ ಅವರ ಕಾಲೆಳೆದವಳು ನಾನು. ಅವತ್ತು ಮಾತ್ರ ಅವರ ತೋಳು ಹಿಡಿದು ಅಂಗಡಿಯಿಂದ ಹೊರಗೆ ಕರೆತಂದೆ. ಅಷ್ಟು ಕನಿಕರ ಬಂತು.

ಮನೆಗೆ ಬಂದವರೇ ಚಾಂದನಿಯ ಬಾಯಿಯನ್ನು ಬೆಳಕಿಗೆ ತಿರುಗಿಸಿ ತೆರೆದು ನೋಡಿದರು. ತುಟಿಯ ಮೂಲೆಗಳು ಹರಿದಿದ್ದವು, ನಾಲಗೆಯ ಮೇಲೆ ಗಾಯ. ಕೈ ರೂಢಿಯ ಮೇಲೆ ಕಡಿವಾಣ ಹಾಕುತ್ತಿದ್ದರು, ಒಳಗೆ ನೋಡಿರಲಿಲ್ಲ.

"ಟಾಂಗಾಕ್ಕ ಕಟ್ಟಿದಾಗ ಲಗಾಮು ಉದ್ದ ಇರತಿತ್ತು, ಸಡಿಲ ಬಿಡತಿದ್ವಿ," ಎಂದರು. "ಮ್ಯಾಲ ಕುಂತ ನಾ ಬೀಳಬಾರದಂತ ಅದನ್ನ ಜಗ್ಗಿ ಹಿಡದೆ. ಅಪ್ಪಾ ಹಾಕತಿದ್ದ ಅಂತ ನಾನೂ ಹಾಕಿದೆ."

ಕಡಿವಾಣ ಟ್ರಂಕಿನ ತಳ ಸೇರಿತು. ಚಾಂದನಿಯ ಮೂತಿಗೆ ಬರೀ ಹತ್ತಿಯ ಹಗ್ಗ. ಮಳೆಗಾಲ ಬರುವ ಹೊತ್ತಿಗೆ ಗಾಯ ಮಾಯಿತು, ತಲೆ ಝಾಡಿಸುವುದೂ ನಿಂತಿತು. "ಇನ್ನ ಮಾರೂದ್ಯಾಕ್ರಿ? ಇಟಗೊಳ್ಳೂಣು," ಎಂದು ನಾನೇ ಅಂದೆ. ಅವರು ಹಗ್ಗದ ಗಂಟನ್ನು ಇನ್ನಷ್ಟು ಸಡಿಲ ಮಾಡಿದರು.

ಅಷ್ಟರಲ್ಲಿ ಫೋಟೋ ನೋಡಿದ್ದ ಡಿಚೋಲಿಯ ಯಮನೂರಪ್ಪ ಟೆಂಪೋ ತಗೊಂಡೇ ಬಂದುಬಿಟ್ಟ. ಮದುವೆಗೆ ಕುದುರೆ ಕಳಿಸುವವನು.

"ತಲಿ ಝಾಡಸತೈತೇನ್ರಿ?" ಎಂದು ಕೇಳಿದ.

"ಝಾಡಸತಿತ್ರಿ. ತಪ್ಪು ಅದರದಲ್ಲ, ಹತ್ತಿದಾಂವಂದು. ಆ ಫೋಟೋದಾಗ ಇಲ್ಲದ ತಲಿ ನಂದ."

ಯಮನೂರಪ್ಪ ಬರೀ ಹಗ್ಗ ಹಿಡಿದೇ ಹತ್ತಿ, ಬಯಲಿನ ಆ ತುದಿಗೆ ಹೋಗಿ ಬಂದ. ಅವತ್ತು ಇವರು ಚಾಳೀಸು ಹಾಕಿಕೊಂಡಿದ್ದರು. ಏನು ಹುಡುಕುತ್ತಿದ್ದಾರೆಂದು ನನಗೆ ಗೊತ್ತಿತ್ತು. ಒಂದು ತಪ್ಪು. ಬೆನ್ನಲ್ಲೋ, ಹಿಮ್ಮಡಿಯಲ್ಲೋ, ಒಂದೇ ಒಂದು ಸಿಕ್ಕರೆ ಸಾಕಿತ್ತು. ಅವನು ಕೋಳಿಮರಿ ಹಿಡಿದಷ್ಟು ಮೆತ್ತಗೆ ಹಗ್ಗ ಹಿಡಿದಿದ್ದ. ಚಾಂದನಿ ಕತ್ತು ಇಳಿಸಿ, ಕಿವಿ ಮುಂದೆ ಮಾಡಿ ನಡೆದು ಬಂದಳು. ನಮ್ಮ ಮನೆಯಲ್ಲಿ ಅವಳು ಹಾಗೆ ನಡೆದದ್ದನ್ನು ನಾನು ನೋಡಿರಲಿಲ್ಲ.

"ಏನಾರ ತಪ್ಪು ಹೇಳಿಬಿಡ್ರಿ," ಎಂದು ಪಿಸುಗುಟ್ಟಿದೆ.

"ಕೈ ಚಲೋ ಅದಾವ," ಎಂದರು ಇವರು.

ಯಮನೂರಪ್ಪ ಇಳಿಯುವ ಮೊದಲು ಹಗ್ಗ ಇವರ ಕೈಗೆ ಕೊಡಲು ಬಗ್ಗಿದ. ಇವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ಇಳೀಬ್ಯಾಡ್ರಿ. ಟೆಂಪೋತನಕ ಹಂಗ ಹೋಗ್ರಿ. ನಾ ಹಗ್ಗ ಹಿಡದ್ರ ಬಿಡಂಗಿಲ್ಲ."