ಕೂತು ಓದುವವರ ಲೆಕ್ಕ

ಗೋಕಾಕ ಪೇಟೆಯ ಟ್ರಸ್ಟಿನ ವಾಚನಾಲಯಕ್ಕೆ ಯಾವ ಸಾಫ್ಟ್‌ವೇರ್ ತರಬೇಕೆಂದು ತೀರ್ಮಾನಿಸಿದವಳು ಆಮ್ರಪಾಲಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ ಆದದ್ದಕ್ಕೆಲ್ಲ ಕಂಪ್ಯೂಟರನ್ನು ಬೈದು ಕೈತೊಳೆದುಕೊಳ್ಳುವವರು ಊರ ತುಂಬ ಇದ್ದಾರೆ. ಅವಳು ಮಾತ್ರ ಹಾಗೆ ಮಾಡಲಿಲ್ಲ.

ಮಸಗುಪ್ಪಿಯ ಕೂಲಿಕಾರರ ಮನೆಯಿಂದ ಓದಿ ಬಂದು ಗ್ರಂಥಪಾಲಕಿಯಾದವಳಿಗೆ ಕೆಲಸದ ಮೇಲೆ ಅಭಿಮಾನ ಜಾಸ್ತಿ. ಸಾಫ್ಟ್‌ವೇರ್ ತೋರಿಸಲು ಬಂದ ಮೂವರನ್ನೂ ಆಕೆ ಮಗಳಿಗೆ ವರ ನೋಡುವ ತಾಯಿಯ ಹಾಗೆ ಕೂರಿಸಿಕೊಂಡು ಪ್ರಶ್ನೆ ಕೇಳಿದಳು. ಒಬ್ಬರದರಲ್ಲಿ ಕನ್ನಡ ಟೈಪಿಸಿದರೆ ಪರದೆ ತುಂಬ ಚೌಕ ಚೌಕ ಡಬ್ಬಿ. ಇನ್ನೊಂದು ಪುಕ್ಕಟೆಯದು, ಆದರೆ ಕೆಟ್ಟರೆ ಸರಿಮಾಡುವವರು ಯಾರೆಂದರೆ ಆಕಾಶ ನೋಡಬೇಕು. ಮೂರನೆಯದು ಹುಬ್ಬಳ್ಳಿಯ ಕಂಪನಿಯ ಕಿಶೋರ ತಂದದ್ದು. ಅದು ಕನ್ನಡದ ಹೆಸರುಗಳನ್ನು ಅಕಾರಾದಿಯಲ್ಲಿ ತಪ್ಪಿಲ್ಲದೆ ಜೋಡಿಸಿತು; ಕರೆಂಟು ಹೋದರೂ ಬರೆದದ್ದು ಅಳಿಯಲಿಲ್ಲ. ನಾಳೆ ಕಂಪನಿ ಬದಲಿಸಿದರೆ ನಮ್ಮ ಮಾಹಿತಿ ನಮಗೆ ವಾಪಸು ಸಿಗುತ್ತದೆಯೇ ಎಂಬುದನ್ನೂ ಕೇಳಿ ಖಾತ್ರಿ ಮಾಡಿಕೊಂಡಳು.

ಎಲ್ಲ ಮುಗಿದ ಮೇಲೆ ಕಿಶೋರನೇ ಒಂದು ಮಾತು ಕೇಳಿದ.

“ಮ್ಯಾಡಮ್‌ರ, ಮನಿಗೆ ಒಯ್ಯೂ ಪುಸ್ತಕದ ಲೆಕ್ಕ ಆತು. ಇಲ್ಲೇ ಕುಂತು ಓದ್ತಾರಲ್ರಿ, ಅದನ್ನೂ ಬರ್ಕೋತೈತಿ ಇದು. ಸಂಜೀಕ ಮೇಜಿನ ಮ್ಯಾಲಿನ ಪುಸ್ತಕ ಒಂದೊಂದ ಸ್ಕ್ಯಾನ್ ಮಾಡಿ ಕಪಾಟಿನ್ಯಾಗ ಇಟ್ರಾತು. ಹಾಕಲೇನ್ರಿ?”

“ಮೇಜಿನ ಮ್ಯಾಲೆ ಏನ್ ಇರ್ತಾವ್ರಿ? ನಮ್ಮ ಮಂದಿ ಶಿಸ್ತಿನವ್ರು. ತಾವ ತಗೋತಾರ, ತಾವ ಇಡ್ತಾರ. ಕೆಲಸಕ್ಕ ಇರೂದು ನಾನು, ಸಿಪಾಯಿ ಹೊಳೆಪ್ಪ, ಇಬ್ರ. ಅದೊಂದು ಬ್ಯಾಡ ಬಿಡ್ರಿ.”

ಸುಳ್ಳೇನೂ ಹೇಳಲಿಲ್ಲ. ಎತ್ತಿದ ಪುಸ್ತಕವನ್ನು ಎತ್ತಿದಲ್ಲೇ ಇಡುವುದು ಆ ವಾಚನಾಲಯದ ಹಳೆಯ ರೂಢಿ. ಬಂದವರು ಓದಿ, ಧೂಳು ಒರೆಸಿ, ಪುಸ್ತಕವನ್ನು ಅದರ ಜಾಗಕ್ಕೆ ಸೇರಿಸಿಯೇ ಹೋಗುತ್ತಿದ್ದರು. ಸಂಜೆ ನೋಡಿದರೆ ಅಲ್ಲಿ ಯಾರೂ ಬಂದೇ ಇಲ್ಲವೇನೋ ಅನ್ನಿಸಬೇಕು.

ಅಂಥವರಲ್ಲಿ ಮೇಲವಂಕಿಯ ಉದ್ದವ್ವನೂ ಒಬ್ಬಳು. ಸಂತೆಯ ದಿನ ಮೆಂತ್ಯ, ರಾಜಗಿರಿ ಮಾರಿ, ಬುಟ್ಟಿ ಖಾಲಿಯಾದ ಮೇಲೆ ಬಸ್ಸಿನ ಹೊತ್ತಿನವರೆಗೆ ಬಂದು ಕೂರುತ್ತಿದ್ದಳು. ಮೊಮ್ಮಕ್ಕಳಾದ ಮೇಲೆ ಅಕ್ಷರ ಕಲಿತವಳು. ಎಂದೋ ತೀರಿಕೊಂಡ ಮಾಸ್ತರರೊಬ್ಬರು ಬರೆದು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ ದಪ್ಪ ಕಾದಂಬರಿಯೊಂದನ್ನು, ಸಾಲಿನ ಕೆಳಗೆ ಬೆರಳಿಟ್ಟು, ತುಟಿಯಲ್ಲೇ ಪಿಟಿಪಿಟಿ ಅನ್ನುತ್ತ, ವರ್ಷಗಳಿಂದ ಓದುತ್ತಿದ್ದಳು. ಮನೆಗೆ ಒಯ್ಯಿ ಎಂದರೆ ಒಲ್ಲೆ.

“ಮನ್ಯಾಗ ನಾ ಪುಸ್ತಕ ಹಿಡ್ಕೊಂಡು ಕುಂತ್ರ ರೊಟ್ಟಿ ಯಾರು ಬಡೀಬೇಕ್ರಿ ಬಾಯಾರ? ಇಲ್ಲೇ ಬೇಶ್ ಐತಿ.”

ಹೋಗುವಾಗ ಕತೆ ಎಲ್ಲಿಗೆ ಬಂತೆಂದು ಆಮ್ರಪಾಲಿಗೆ ಹೇಳದೆ ಹೋಗುತ್ತಿರಲಿಲ್ಲ. ಸಾಫ್ಟ್‌ವೇರ್ ಬಂದು ಐದು ವರ್ಷ ತುಂಬಿದ ಆ ವಾರ ಕತೆಯ ನೀಲವ್ವ ಅತ್ತೆಯೊಡನೆ ಜಗಳಾಡಿ, ಕೈಗೂಸನ್ನು ಅಲ್ಲೇ ಬಿಟ್ಟು, ತುಂಬಿದ ಹೊಳೆಯ ದಂಡೆಗೆ ಬಂದು ನಿಂತಿದ್ದಳು. ನಾವೆ ಇನ್ನೂ ಬಂದಿರಲಿಲ್ಲ.

“ತಿರುಗಿ ಹೊಕ್ಕಾಳ ಅಂತೇನಿ ನಾ. ಕೂಸು ಐತೆಲ್ಲ,” ಎಂದಳು ಉದ್ದವ್ವ. “ಕಣ್ಣಿಗೆ ಪೊರಿ ಬರಾಕತ್ತೈತ್ರಿ. ಅದು ಪೂರಾ ಮುಚ್ಚೂದ್ರಾಗ ಇದೊಂದು ಮುಗಿಸಬೇಕು.”

ಅದೇ ವಾರ ಟ್ರಸ್ಟಿನ ಅಧ್ಯಕ್ಷ ಶ್ರೇಣಿಕ ಬಂದರು. ಕೆಟ್ಟವರಲ್ಲ. ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಜಾಗವಿಲ್ಲದೆ ಮೆಟ್ಟಿಲ ಮೇಲೆ ಕೂರುವುದನ್ನು ನೋಡಲಾರದೆ, ಅವರಿಗೊಂದು ಕಂಪ್ಯೂಟರ್ ಕೋಣೆ ಮಾಡಬೇಕೆಂದಿದ್ದರು. ಅದಕ್ಕೆ ಕೆಲವು ಕಪಾಟು ತೆಗೆಯಬೇಕಿತ್ತು.

“ಐದು ವರ್ಷದಾಗ ಯಾರೂ ಮುಟ್ಟಲಾರದ ಪುಸ್ತಕ ಯಾವ್ಯಾವು, ನಿಮ್ಮ ಮಷೀನು ಹೇಳತೈತೇನ್ರಿ?”

“ಒಂದು ಗುಂಡಿ ಒತ್ತಿದ್ರ ಹೇಳತೈತ್ರಿ ಸರ್,” ಎಂದಳು ಆಮ್ರಪಾಲಿ, ಹೆಮ್ಮೆಯಿಂದಲೇ.

ಒತ್ತಿದಳು. ಹಾಳೆಗಳು ಸರಸರ ಹೊರಬಂದವು. ಪ್ರತಿ ಹಾಳೆಯ ಕೆಳಗೂ ಸಹಿ ಮಾಡಿದಳು, ಒಂದನ್ನೂ ಓದಲಿಲ್ಲ. ಮಷೀನು ಸುಳ್ಳು ಹೇಳುವುದಿಲ್ಲವೆಂಬ ಧೈರ್ಯ. ಅದು ಸುಳ್ಳು ಹೇಳಿರಲೂ ಇಲ್ಲ ಅನ್ನಿ, ಹೇಳಿಕೊಟ್ಟಷ್ಟನ್ನು ಹೇಳಿತ್ತು. ಹೊಳೆಪ್ಪ ಪುಸ್ತಕಗಳಿಗೆ ಹಗ್ಗ ಬಿಗಿದು ಹುಕ್ಕೇರಿಯ ರದ್ದಿ ವ್ಯಾಪಾರಿಯ ಟೆಂಪೋಕ್ಕೆ ಏರಿಸಿದ.

ಮುಂದಿನ ಸಂತೆಗೆ ಉದ್ದವ್ವ ಬಂದು ನೋಡಿದರೆ ಕಪಾಟೇ ಇಲ್ಲ.

“ನನ್ನ ಪುಸ್ತಕ ಎಲ್ಲೈತ್ರಿ ಬಾಯಾರ?”

ಕೂತು ಓದುವವರ ಲೆಕ್ಕ ಬೇಡವೆಂದವಳು ತಾನೇ ಎಂದು ಆಮ್ರಪಾಲಿಗೆ ಆಗಲೇ ಹೊಳೆದದ್ದು. ಬಾಯಿಗೆ ಮಾತ್ರ ಸುಳ್ಳು ಬಂತು. “ಯಾರೋ ಓದಾಕ ಒಯ್ದಾರ ಯವ್ವಾ.”

ಉದ್ದವ್ವನ ಮುಖ ಅರಳಿತು. “ಖರೇನ? ಓದ್ಲಿ, ಓದ್ಲಿ. ಭಾಳ ಛಲೋ ಐತಿ ಅದು. ಅವ್ರು ತಂದು ಕೊಟ್ಟಮ್ಯಾಲೆ ನಾ ಓದ್ತೇನಿ.” ಎಂದಿನ ಹಾಗೆ ಮೇಜಿನ ಮುಂದೆ ಸುಮ್ಮನೆ ಕೂತಿದ್ದು ಹೋದಳು.

ಮರುದಿನವೇ ಆಮ್ರಪಾಲಿ ರಜೆ ಹಾಕಿ ಹುಕ್ಕೇರಿಯ ಬಸ್ಸು ಹತ್ತಿದಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಮಾಲು ಆಗಲೇ ಕಾಗದದ ಕಾರ್ಖಾನೆ ಸೇರಿ ಅರೆದು ಹಿಟ್ಟಾಗಿರುತ್ತದೆ ಎಂದ ವ್ಯಾಪಾರಿ. ಮಾಸ್ತರರ ಸೊಸೆ ಪದ್ಮವ್ವ ಮೂಡಲಗಿಯಲ್ಲಿದ್ದಾಳೆಂದು ತಿಳಿದು ಅಲ್ಲಿಗೂ ಹೋದಳು. ಆಕೆ ಚಹಾ ಕೊಟ್ಟಳು. ಮನೆಯಲ್ಲಿದ್ದ ಪ್ರತಿಗಳಿಗೆ ಗೆದ್ದಲು ಹತ್ತಿ ಎಂದೋ ಸುಟ್ಟಿದ್ದರಂತೆ.

“ನಮ್ಮ ಮಾವಾರ ಪುಸ್ತಕ ಇನ್ನೂ ಓದಾವ್ರು ಅದಾರೇನ್ರಿ?” ಎಂದು ಕೇಳಿ ಸೆರಗಿನಿಂದ ಕಣ್ಣೊತ್ತಿಕೊಂಡಳು.

“ಒಬ್ಬಾಕಿ ಅದಾಳ್ರಿ. ಕಡೀಕ ಆ ನೀಲವ್ವ ತಿರುಗಿ ಮನಿಗೆ ಹೊಕ್ಕಾಳೇನ್ರಿ? ನಿಮಗರೆ ಗೊತ್ತೈತೇನು?”

ಪದ್ಮವ್ವ ಓದಿರಲಿಲ್ಲ. ಆಮ್ರಪಾಲಿಯೂ ಓದಿರಲಿಲ್ಲ. ಅಷ್ಟು ವರ್ಷ ತನ್ನದೇ ಕಪಾಟಿನಲ್ಲಿದ್ದ ಪುಸ್ತಕ! ಬರುವಾಗ ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಅತ್ತಳು.

ಉದ್ದವ್ವ ಮಾತ್ರ ಸಂತೆ ತಪ್ಪಿಸಲಿಲ್ಲ. ಬರುವಳು, “ತಂದು ಕೊಟ್ರೇನ್ರಿ?” ಅನ್ನುವಳು, ಇಲ್ಲವೆಂದರೆ ಕೂರುವಳು. ಬೇರೆ ಪುಸ್ತಕ ಕೊಟ್ಟರೆ ಅದು ಮುಗಿಯದೆ ಇನ್ನೊಂದು ಹಿಡಿಯಬಾರದು ಅನ್ನುವಳು. ಬರಬರುತ್ತ ಗೋಡೆ ಹಿಡಿದು ನಡೆಯತೊಡಗಿದಳು. ಒಂದು ದಿನ ಆಮ್ರಪಾಲಿಗೆ ತಡೆಯಲಾಗಲಿಲ್ಲ. ಎದ್ದು ಹೋಗಿ ಮುದುಕಿಯ ಬಾಜೂ ಕೂತಳು.

“ಅದನ್ನ ಯಾರೂ ಒಯ್ದಿಲ್ಲ ಯವ್ವಾ. ಯಾರೂ ಓದೂದಿಲ್ಲಂತ ರದ್ದಿಗೆ ಹಾಕಿದ್ವಿ. ಸಹಿ ಮಾಡಿದಾಕಿ ನಾನ.”

ಬೈಯುತ್ತಾಳೆಂದು ಕಾದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಉದ್ದವ್ವ ಬೈಯಲಿಲ್ಲ. ಮಂಜಾದ ಕಣ್ಣುಗಳನ್ನು ಅಗಲಿಸಿ, ಆಮ್ರಪಾಲಿಯ ಮುಖ ಎಲ್ಲಿದೆಯೆಂದು ಹುಡುಕುವವಳ ಹಾಗೆ ನೋಡಿದಳು.

“ಯಾರೂ ಓದೂದಿಲ್ಲಂದ್ರಿ? ನಾ ಓದಾಕತ್ತಿದ್ನೆಲ್ರಿ ಬಾಯಾರ. ನಿಮ್ಮ ಎದುರಿಗೇ ಕುಂತಿರ್ತಿದ್ನೆಲ್ರಿ.”