ಹೊಸ್ತಿಲಾಚೆಯ ಸಿಪಾಯಿ

ಫಿಲೊಮೀನ್ ಅಡುಗೆಮನೆಯಲ್ಲಿ ಮೀನು ಉಜ್ಜುತ್ತಿದ್ದಳು. ಸರೋವರ ಹೆಪ್ಪುಗಟ್ಟುವ ಮುಂಚಿನ ಕೊನೆಯ ಬಲೆಯ ಮೀನು ಅದು. ಒಲೆಯ ಪಕ್ಕದ ಕುರ್ಚಿಯಲ್ಲಿ ಅವಳ ಚಿಕ್ಕಪ್ಪ ಆಂಬ್ರೋಸ್ ಕೂತು, ಕೈಯಾಡಿಸದೆ ಬರೀ ಬಾಯಾಡಿಸುತ್ತಿದ್ದ. ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದಾಯಿತು. ಪೇಟೆಯ ಮಾಜಿ ಸೈನಿಕರ ಭವನದ ಅಧ್ಯಕ್ಷ ಲೋರ್ನ್ ಪರ್ವಿಸ್ ಬಿಸ್ಕತ್ತಿನ ಡಬ್ಬಿ ಹಿಡಿದು ನಿಂತಿದ್ದ.

"ಏನಾದ್ರೂ ಕೇಳೋಕೆ ಬಂದೋರು ನಮ್ಮಲ್ಲಿ ಹೊಗೆಸೊಪ್ಪು ತರ್ತಾರೆ," ಎಂದ ಆಂಬ್ರೋಸ್. "ಬಿಸ್ಕತ್ತು ತಂದಿದ್ದೀಯ ಅಂದ್ರೆ ಸುಮ್ನೆ ಹೇಳಿ ಹೋಗೋಕೆ ಬಂದಿದ್ದೀಯ."

ಲೋರ್ನ್ ನಕ್ಕ. ಮುದುಕ ಹೇಳಿದ್ದು ಸರಿಯಾಗಿಯೇ ಇತ್ತು. ಮುಂದಿನ ವಾರ, ಯುದ್ಧದಲ್ಲಿ ಮಡಿದವರನ್ನು ನೆನೆಯುವ ದಿನ, ಭವನದ ಮುಂದೆ ಫಿಲೊಮೀನಳ ಅಪ್ಪನ ಹೆಸರಿನ ಕಲ್ಲು ನಿಲ್ಲಿಸುತ್ತಾರೆ. ಊಟ ಮೂಲನಿವಾಸಿಗಳಾದ ಹಾಡಿಯವರದೇ ಆಗಲಿ, ಅವರ ಪದ್ಧತಿಯಂತೆಯೇ ಆಗಲಿ ಎಂದು ಭವನದವರು ಒಪ್ಪಿದ್ದರು. ಆದರೆ ಅವಳು ಕೇಳಿದ್ದ ಒಂದು ಸಾಲನ್ನು ಕೆತ್ತಿಸಲು ಮಾತ್ರ ಒಪ್ಪಿರಲಿಲ್ಲ.

ಅವಳ ಅಪ್ಪ ಆಂಟ್ವಾನ್ ಕೀಶಿಗ್ ಇಟಲಿಯ ಗುಡ್ಡಗಳಲ್ಲಿ ಶತ್ರುವಿನ ಬೆನ್ನ ಹಿಂದೆಯೇ ಓಡಾಡಿ ಸುದ್ದಿ ತಂದವನು. ಅವನು ತಂದ ಸುದ್ದಿಯಿಂದ ಜೀವ ಉಳಿಸಿಕೊಂಡ ಪೇಟೆಯ ಹುಡುಗರು ಎಷ್ಟೋ ಮಂದಿ. ಎದೆಯ ತುಂಬ ಪದಕ ಹೊತ್ತು ಊರಿಗೆ ಬಂದ. ಆದರೆ ಹೆಂಡ ಮಾರುವ ಕಡೆ ಹಾಡಿಯ ನಮ್ಮ ಜನ ಕಾಲಿಡಬಾರದೆಂದು ಆಗ ಕಾನೂನಿತ್ತು. ಭವನದೊಳಗೆ ಹೆಂಡದಂಗಡಿ ಇತ್ತಲ್ಲ, ಹಾಗಾಗಿ ಮಡಿದವರ ನೆನಪಿಗೆ ಹೂವಿನ ಚಕ್ರ ಇಡುವುದಕ್ಕೆ ಆಂಟ್ವಾನ್ ಬೇಕು, ಊಟಕ್ಕೆ ಬೇಡ. ಹಾಡಿಯ ಹೆಸರು, ಸರ್ಕಾರದ ಜೊತೆಗಿನ ಒಡಂಬಡಿಕೆಯ ಹಕ್ಕು ಎಲ್ಲ ಬಿಟ್ಟುಕೊಟ್ಟೆ ಎಂದು ರುಜು ಹಾಕಿದರೆ ಒಳಗೆ ಬರಬಹುದು ಎಂದರಂತೆ. ಅವನು ಹಾಕಲಿಲ್ಲ. ಆ ಮೆಟ್ಟಿಲಿಂದ ಇಳಿದವನು ಹಾಡಿಯಿಂದ ಹಾಡಿಗೆ ನಡೆದ. ಜನರನ್ನು ಕೂಡಿಸಿದ, ರಾಜಧಾನಿಗೆ ಹೋಗಿ ಮಂತ್ರಿಗಳ ಬಾಗಿಲು ಕಾದ, ಭೂಮಿ ಕೇಳಿದ, ಓಟು ಕೇಳಿದ. ಕಾನೂನು ಬದಲಾಯಿತು. ಆಮೇಲೂ ಅವನು ಆ ಹೊಸ್ತಿಲು ತುಳಿಯಲಿಲ್ಲ. ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತು.

"ನಾನು ಕೇಳಿದ್ದು ಒಂದೇ ಸಾಲು," ಎಂದಳು ಫಿಲೊಮೀನ್. "ಇದೇ ಬಾಗಿಲಲ್ಲಿ ತಡೆದಿದ್ರು, ಇಲ್ಲಿಂದಲೇ ಹಕ್ಕಿಗಾಗಿ ಹೊರಟ ಅಂತ."

"ಗೌರವ ಮಾಡೋ ದಿನ ಹಳೇ ಗಾಯ ಯಾಕೆ ಕೆರೀಬೇಕು ಹೇಳಿ," ಎಂದ ಲೋರ್ನ್. "ಆಗ ನಾನೇ ಬಾಗಿಲಲ್ಲಿ ನಿಲ್ತಿದ್ದೆ. ಯುದ್ಧ ಮುಗಿಸಿ ಬಂದ ಹುಡುಗ. ಬಿಟ್ಟಿದ್ರೆ ಭವನಕ್ಕೇ ಬೀಗ ಹಾಕ್ತಿದ್ರು. ಕಾನೂನು ನಾನು ಮಾಡಿದ್ದಲ್ಲ."

"ನೀವು ಮಾಡಿದ್ದು ಅಂತ ನಾನೆಲ್ಲಿ ಅಂದೆ? ಆದದ್ದನ್ನ ಆಯ್ತು ಅಂತ ಬರೀರಿ ಅಂದೆ. ಅಪ್ಪ ಗುಂಡು ಹಾರಿಸಿದ್ದು ಐದು ವರ್ಷ. ಹಕ್ಕು ಕೇಳ್ತಾ ಓಡಾಡಿದ್ದು ಸಾಯೋವರೆಗೂ. ನಿಮಗೆ ಬರೀ ಆ ಐದು ವರ್ಷ ಬೇಕು."

"ಸಭೆ ಒಪ್ಪಲ್ಲ, ಫಿಲೊಮೀನ್."

"ಸಭೆ ಅಂದ್ರೆ ಯಾರು? ನೀನೇ ತಾನೆ?" ಎಂದು ಆಂಬ್ರೋಸ್ ಬಿಸ್ಕತ್ತು ಬಾಯಿಗೆ ಹಾಕಿಕೊಂಡ.

ಲೋರ್ನ್ ಟೋಪಿ ಎತ್ತಿಕೊಂಡು ಹೊರಟ. ಕೆಟ್ಟವನಲ್ಲ ಅವನು. ನಮ್ಮವರ ಸಾವಿಗೂ ಬರುತ್ತಾನೆ, ಹಿಮದಲ್ಲಿ ಗಾಡಿ ಹೂತರೆ ಹಗ್ಗ ಹಾಕಿ ಎಳೆಯುತ್ತಾನೆ. ಒಳ್ಳೆಯವರಿಗೆ ಅವರ ತಪ್ಪು ತೋರಿಸುವುದು ಬಲು ಕಷ್ಟ.

ಮಡಿದವರನ್ನು ನೆನೆಯುವ ದಿನ ಸಣ್ಣಗೆ ಹಿಮ ಬೀಳುತ್ತಿತ್ತು. ಕಹಳೆ ಊದಿದರು, ಕಲ್ಲಿನ ಬಟ್ಟೆ ಸರಿಸಿದರು. ಪದಕಗಳ ಹೆಸರುಗಳೆಲ್ಲ ಇದ್ದವು. ಆ ಸಾಲು ಇರಲಿಲ್ಲ. ಫಿಲೊಮೀನ್ ಅಳಲಿಲ್ಲ.

ಭವನದ ಒಳಗೆ ಉದ್ದನೆಯ ಮೇಜುಗಳ ಮೇಲೆ ಕಾಡು ಅಕ್ಕಿಯ ಅನ್ನ, ಮೀನು, ಜಿಂಕೆ ಮಾಂಸ, ಕರಿದ ರೊಟ್ಟಿ ಇಟ್ಟಿದ್ದರು. ಯಾರೂ ಬಾಯಿಗಿಡುವ ಮೊದಲು ಸತ್ತವರಿಗೆ ಎಡೆ ಹೋಗಬೇಕು. ಎಲ್ಲದರಲ್ಲೂ ಚೂರು ಚೂರು ಹಾಕಿದ ತಟ್ಟೆಯನ್ನು ಹೊರಗೆ ಬೆಂಕಿಯ ಬಳಿ ಇಡುವುದು ನಮ್ಮ ಪದ್ಧತಿ. ಆಂಬ್ರೋಸ್ ಅಂಗಳದಲ್ಲಿ ಬೆಂಕಿ ಹಾಕಿ ಬಂದಿದ್ದ. ಫಿಲೊಮೀನ್ ತಟ್ಟೆ ಹಿಡಿದು ಬಾಗಿಲ ಕಡೆ ಹೊರಟಳು.

ಬಾಗಿಲ ಬಳಿಯ ಮೇಜಿನಲ್ಲಿದ್ದ ಲೋರ್ನ್‌ಗೆ ಮನಸ್ಸು ತುಂಬಿಬಂದಿತ್ತು. ಏನಾದರೂ ಪ್ರೀತಿಯ ಮಾತಾಡಬೇಕು ಅನಿಸಿರಬೇಕು.

"ನಿಮ್ಮಪ್ಪನಿಗೆ ನಾನೂ ಒಂದ್ಸಲ ಹೀಗೇ ತಟ್ಟೆ ತಗೊಂಡು ಹೋಗಿದ್ದೆ, ಇದೇ ಬಾಗಿಲಿಂದ," ಎಂದ. "ಒಳಗಂತೂ ಬಿಡೋಕಾಗಲ್ಲ, ಹೊಟ್ಟೆಗಾದ್ರೂ ಇರ್ಲಿ ಅಂತ. ಮಾಂಸ, ಆಲೂಗಡ್ಡೆ, ಎಲ್ಲಾ ಸ್ವಲ್ಪ ಸ್ವಲ್ಪ ಹಾಕಿ ಮೆಟ್ಟಿಲ ಮೇಲಿಟ್ಟು ಬಂದೆ. ಪಾಪ, ಮುಟ್ಟಲೇ ಇಲ್ಲ ಅವರು."

ಫಿಲೊಮೀನ್ ನಿಂತುಬಿಟ್ಟಳು.

"ಅದು ನೀವಾ?" ಎಂದಳು. "ಅವತ್ತು ಅಪ್ಪ ಮನೆಗೆ ಬಂದು ಗೋಡೆ ಕಡೆ ಮುಖ ಮಾಡಿ ಮಲಗಿದ. ಉಂಡ್ಯಾ ಅಂತ ಅಮ್ಮ ಕೇಳಿದ್ಲು. 'ನನಗೆ ಎಡೆ ಇಟ್ರು ಕಣೇ' ಅಂದ. ನಾನು ಚಿಕ್ಕವಳು, ಅರ್ಥ ಆಗ್ಲಿಲ್ಲ. ಲೋರ್ನ್, ನಮ್ಮಲ್ಲಿ ಹೊರಗೆ ತಟ್ಟೆ ಇಡೋದು ಸತ್ತೋರಿಗೆ. ಬದುಕಿರೋರನ್ನ ಒಳಗೆ ಕರೀತಾರೆ."

ಅಕ್ಕಪಕ್ಕದವರು ತಿರುಗಿ ನೋಡಿದರು. ಲೋರ್ನ್ ಬಾಯಿ ತೆರೆದ. ಕಾನೂನಿನ ಮಾತು ನಾಲಿಗೆ ತುದಿಗೆ ಬಂದಿರಬೇಕು, ಆಡಲಿಲ್ಲ. ಇಷ್ಟು ವರ್ಷ ಅವನು ಆ ತಟ್ಟೆಯನ್ನು ತಾನು ಮಾಡಿದ ಪುಣ್ಯವೆಂದೇ ನಂಬಿಕೊಂಡಿದ್ದ. ಅವನ ಮುಖ ನೋಡಲಾಗದೆ ಫಿಲೊಮೀನ್ ತಲೆ ತಗ್ಗಿಸಿದಳು.

ಅವನು ಎದ್ದ. ತನ್ನ ಕುರ್ಚಿಯನ್ನು ಹಿಂದಕ್ಕೆಳೆದು ಆಂಬ್ರೋಸ್‌ನ ಕಡೆ ತಿರುಗಿದ.

"ಇಲ್ಲಿಟ್ರೆ ತಪ್ಪಾಗುತ್ತಾ?"

"ತಪ್ಪೇ," ಎಂದ ಆಂಬ್ರೋಸ್. "ಸತ್ತೋರ ಎಡೆ ಒಳಗಿಡಲ್ಲ. ನನ್ನಪ್ಪ ಇದ್ದಿದ್ರೆ ಬೆನ್ನು ಮುರೀತಿದ್ದ." ಖಾಲಿ ಕುರ್ಚಿಯ ಕಡೆ ನೋಡಿದ. ಆಮೇಲೆ ಅವನ ದನಿ ಒಡೆಯಿತು. "ಇಡು ಮಗಳೇ. ಅಣ್ಣ ಹೊರಗೆ ನಿಂತಿದ್ದು ಸಾಕು."

ಫಿಲೊಮೀನ್ ತಟ್ಟೆಯನ್ನು ಆ ಖಾಲಿ ಕುರ್ಚಿಯ ಮುಂದೆ ಇಟ್ಟಳು. ಆಗ ಅಳು ಬಂತು. ಎಷ್ಟು ಸಣ್ಣ ಕೆಲಸ! ಒಂದು ಕುರ್ಚಿ ಎಳೆಯುವುದು, ಅಷ್ಟೇ. ಅಪ್ಪ ಬದುಕಿದ್ದಾಗ ಒಬ್ಬನ ಕೈಯಲ್ಲೂ ಆಗಿರಲಿಲ್ಲ.

ಕಣ್ಣೊರೆಸಿಕೊಂಡು ನೋಡಿದರೆ ಲೋರ್ನ್ ಇರಲಿಲ್ಲ. ಎಲ್ಲರೂ ಊಟಕ್ಕೆ ಕೂತಿದ್ದರು. ಕಿಟಕಿಯಾಚೆ ಅವನು ಟೋಪಿಯಿಲ್ಲದೆ ಮೆಟ್ಟಿಲ ಮೇಲೆ ನಿಂತಿದ್ದ. ತಲೆ ಮೇಲೆ, ಭುಜದ ಮೇಲೆ ಹಿಮ ಕೂರುತ್ತಿತ್ತು.

"ನಿಲ್ಲಲಿ ಬಿಡು," ಎಂದ ಆಂಬ್ರೋಸ್. "ಗೊತ್ತಾಗ್ಲಿ."

ಅವಳೂ ಬಿಟ್ಟಳು. ತುಸು ಹೊತ್ತು ನಿಲ್ಲಲಿ ಎಂದೇ ಅವಳಿಗೂ ಅನಿಸಿತು. ಆದರೆ ಮುರಿದ ರೊಟ್ಟಿಯನ್ನು ತಟ್ಟೆಗೇ ಹಾಕಿಬಿಟ್ಟಳು. ಎದ್ದು ಹೋಗಿ ಬಾಗಿಲು ತೆರೆದಳು.

"ಆ ಸಾಲು ಕೆತ್ತಿಸ್ತೀನಿ," ಎಂದ ಅವನು, ತಿರುಗಿ ನೋಡದೆ. "ತಡೆದು ನಿಲ್ಲಿಸಿದವನ ಹೆಸರೂ ಹಾಕಿಸ್ತೀನಿ."

ಅವಳು ಬಾಗಿಲನ್ನು ಅಗಲಕ್ಕೆ ತೆರೆದು ಹಿಡಿದುಕೊಂಡಳು.

"ಒಳಗೆ ಬನ್ನಿ, ಲೋರ್ನ್. ಊಟ ಆರ್ತಾ ಇದೆ."